ಹೊಳೆಯ ನಡುವಣ ಪ್ರಜೆಗಳು

ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿಯುವ ವೃಷಭಾವತಿಯು ಮಳೆಗಾಲದ ಒಂದು ಸಂಜೆ ದಡಮೀರಿ, ಕೆಂಗೇರಿಯ ಕಡೆಗೆ ಹೋಗುವ ವಾಹನಗಳೆಲ್ಲ ಎರಡು ಗಂಟೆಯ ಕಾಲ ನಿಂತುವೆಂದರೆ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮಹಾಜನರಲ್ಲಿ ಏಳುವ ಅಸಮಾಧಾನವು ನಮ್ಮ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಆ ಅಸಮಾಧಾನವು ನ್ಯಾಯವಾದುದೇ. ಕಂದಾಯ ಕೊಡುವ ಪ್ರಜೆಗೆ ನಡೆದಾಡಲು ದಾರಿಯಿರಬೇಕೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ಗಂಟೆಯ ಮಾತು ಹಾಗಿರಲಿ. ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ, ಬರುವ ದಾರಿಯೂ ಹೋಗುವ ದಾರಿಯೂ ಇಲ್ಲದೆ ತುಂಬಿದ ಹೊಳೆಯ ನಡುವೆ ಕುಳಿತಿರುವ ಹಳ್ಳಿಗಳು ನಮ್ಮ ಕನ್ನಡ ನಾಡಿನಲ್ಲಿಯೇ ಇವೆ. ಆ ಹಳ್ಳಿಗಳವರು ನಮ್ಮಂತೆ ಪತ್ರಿಕೆಗೆ ಪತ್ರ ಬರೆಯುವವರಲ್ಲ. ಆದ್ದರಿಂದ ಅವರ ಪರವಾಗಿ ಇಂದು ನಾವೇ ನಾಲ್ಕು ಮಾತು ಬರೆಯಬೇಕಾಗಿದೆ.

ನಾರಾಯಣಪುರದ ಅಣೆಕಟ್ಟನ್ನು ದಾಟಿದ ಕೃಷ್ಣೆಯು ಯಾದಗಿರಿ, ರಾಯಚೂರು ಜಿಲ್ಲೆಗಳ ನಡುವೆ ಹರಿದು ತೆಲಂಗಾಣದ ಗಡಿಯನ್ನು ಮುಟ್ಟುವವರೆಗೆ, ಬಂಡೆಗಳ ನಡುವೆ ಅಲ್ಲಲ್ಲಿ ಸೀಳಿಕೊಂಡು, ಮತ್ತೆ ಕೂಡಿಕೊಂಡು ಸಾಗುತ್ತದೆ. ಹಾಗೆ ಸೀಳಿದ ಎರಡು ಕವಲುಗಳ ನಡುವೆ ಉಳಿದ ನೆಲಕ್ಕೆ ಆ ಸೀಮೆಯಲ್ಲಿ ಗಡ್ಡಿಯೆಂದು ಹೆಸರು. ಸುರಪುರದ ಸೀಮೆಯಲ್ಲಿ ಕಕ್ಕೇರಾದ ಹತ್ತಿರ ನೀಲಕಂಠರಾಯನಗಡ್ಡಿ, ಲಿಂಗಸುಗೂರು ತಾಲ್ಲೂಕಿನಲ್ಲಿ ಕರಕಲಗಡ್ಡಿ, ಮ್ಯಾದರಗಡ್ಡಿ ಮೊದಲಾದುವು. ಕೆಳಗೆ ರಾಯಚೂರು ತಾಲ್ಲೂಕಿನ ಗಡಿಯಲ್ಲಿ ಕುರ್ವಕಲಾ, ಕುರ್ವಕುರ್ದಾ. ಕಲಾ, ಖುರ್ದಾ ಎಂಬುವು ಹಳೆಯ ಕಂದಾಯ ದಫ್ತರದ ಪಾರಸಿ ಮಾತುಗಳು. ಹಿರಿದು, ಕಿರಿದು ಎಂದಷ್ಟೇ ಅರ್ಥ. ಕುರುವವೆಂಬುದು ಮಾತ್ರ ನಮ್ಮದೇ ಹಳೆಯ ಮಾತು. ಹೊಳೆಯ ನಡುವಣ ದಿಣ್ಣೆಯೆಂದೇ ಅದರ ಅರ್ಥ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರವೂ ಈ ಹೊಳೆಯ ನಡುವೆಯೇ ಇದೆ. ದತ್ತ ಸಂಪ್ರದಾಯದ ಭಕ್ತರು ಮಹಾರಾಷ್ಟ್ರದಿಂದಲೂ ಬಂದು ಅಲ್ಲಿ ದರ್ಶನ ಮಾಡಿಕೊಂಡು ಹೋಗುತ್ತಾರೆ. ಯಾತ್ರಿಕರಿಗೆ ಹೊಳೆಯು ಒಂದು ದಿನದ ಪುಣ್ಯ. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಉತ್ತು, ಅಲ್ಲಿಯೇ ಮಕ್ಕಳನ್ನು ಹೆರಬೇಕಾದವರಿಗೆ ಅದು ವರ್ಷದ ಮುನ್ನೂರ ಅರವತ್ತೈದು ದಿನದ ವ್ಯವಹಾರ.

ಆ ವ್ಯವಹಾರವು ಹೇಗೆ ನಡೆಯುತ್ತದೆಂಬುದನ್ನು ಪಟ್ಟಣದ ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಬೇಸಗೆಯಲ್ಲಿ ಹೊಳೆಯು ಬತ್ತಿ ಬಂಡೆಗಳು ತಲೆಯೆತ್ತಿದಾಗ ಕಾಲುನಡಿಗೆಯಿಂದ ದಾಟಬಹುದು. ಮೊಣಕಾಲುದ್ದ ನೀರಿನಲ್ಲಿ ಎತ್ತುಗಳನ್ನು ಹೊಡೆದುಕೊಂಡು ಹೋಗಬಹುದು. ಮಿಕ್ಕ ಕಾಲಕ್ಕೆಲ್ಲ ಹರಿಗೋಲೇ ಗತಿ. ಬಿದಿರಿನಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು, ಈಗ ಡಾಂಬರು ಬಳಿದ ತಾಟೋ ಪ್ಲಾಸ್ಟಿಕ್ ಹಾಳೆಯೋ ಆಗಿದೆ. ಹಂಪೆಗೆ ಹೋದ ನಮ್ಮ ಪಟ್ಟಣಿಗರು ಹಣ ಕೊಟ್ಟು ಇದರಲ್ಲಿ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಾರೆ. ಗಡ್ಡಿಯವನಿಗೆ ಇದೇ ಬಸ್ಸು, ಇದೇ ಲಾರಿ, ಇದೇ ಆಂಬುಲೆನ್ಸು. ಗೊಬ್ಬರದ ಚೀಲ ಒಳಗೆ ಬರುವುದೂ, ಹತ್ತಿಯ ಅಂಡಿಗೆ ಹೊರಗೆ ಹೋಗುವುದೂ, ಪಡಿತರದ ಅಕ್ಕಿ ಬರುವುದೂ ಇದರಲ್ಲೇ. ಊರಿನ ಶಾಲೆಯು ಕೆಳಗಿನ ತರಗತಿಗಳಿಗೆ ಮುಗಿದರೆ, ಮುಂದಕ್ಕೆ ಓದಬೇಕಾದ ಮಗುವು ಹೊಳೆಯನ್ನು ದಾಟಬೇಕು. ಇಲ್ಲವೆ ಓದನ್ನು ಬಿಡಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ತಂದೆತಾಯಿಗಳು ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡಾರೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಂಥ ಊರಿಗೆ ಹೆಣ್ಣು ಕೊಡಲು ಹಿಂಜರಿಯುವವರನ್ನು ದೂಷಿಸುವಂತೆಯೂ ಇಲ್ಲ.

2014ರ ಜುಲೈ ಕೊನೆಯಲ್ಲಿ ನೀಲಕಂಠರಾಯನಗಡ್ಡಿಯಲ್ಲಿ ನಡೆದುದನ್ನು ಹಲವರು ಮರೆತಿರಬಹುದು. ತುಂಬು ಗರ್ಭಿಣಿಯಾದ ಇಪ್ಪತ್ತೆರಡು ವಯಸ್ಸಿನ ಹೆಣ್ಣುಮಗಳೊಬ್ಬಳು, ಹೆರಿಗೆಯ ಕಾಲಕ್ಕೆ ಗಡ್ಡಿಯಲ್ಲಿ ವೈದ್ಯರ ಸಹಾಯ ದೊರೆಯದೆಂದು ತಿಳಿದು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆಯೂ ಒಡಹುಟ್ಟಿದವರೂ ಮುಂದೆ ಹಿಂದೆ ಈಜುತ್ತಿರಲು, ಹರಗೋಲೂ ಇಳಿಯಲಾರದ ಪ್ರವಾಹವನ್ನು ಈಜಿ ದಡ ಸೇರಿದಳು. ಲಂಡನ್ನಿನ ಬಿಬಿಸಿಯವರೂ ಅದನ್ನು ಜಗತ್ತಿಗೆ ಸಾರಿದರು. ಆಕೆಯ ಧೈರ್ಯವನ್ನು ನಾಡೆಲ್ಲ ಕೊಂಡಾಡಿತು. ಕೊಂಡಾಡಿದುದು ಸರಿಯೇ; ಆದರೆ ಹೆರಿಗೆಯ ಆಸ್ಪತ್ರೆಗೆ ಹೋಗಲು ಒಂಬತ್ತು ತಿಂಗಳ ಗರ್ಭಿಣಿಯು ಕೃಷ್ಣೆಯನ್ನು ಈಜಬೇಕಾಯಿತೆಂಬುದು ಯಾರಿಗೆ ಕೀರ್ತಿಯ ಸಂಗತಿ? ಆಕೆಗೆ ಕೀರ್ತಿ. ರಾಜ್ಯಕ್ಕೆ ಅಲ್ಲ.

ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. 2019ರ ಆಗಸ್ಟಿನಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಬಳಿ ಸೇತುವೆಯು ನೀರಿನಡಿಯಲ್ಲಿ ಮುಳುಗಿ, ರಸ್ತೆ ಯಾವುದು ಹೊಳೆ ಯಾವುದು ಎಂದು ತೋರದೆ ಆಂಬುಲೆನ್ಸೊಂದು ನಿಂತಿತು. ಹನ್ನೆರಡು ವರ್ಷದ ಹುಡುಗನೊಬ್ಬನು ಎದೆಯುದ್ದ ನೀರಿನಲ್ಲಿ ಅದರ ಮುಂದೆ ಓಡುತ್ತ, ಬೀಳುತ್ತ ಏಳುತ್ತ, ದಾರಿ ತೋರಿಸಿದನು. ಜಿಲ್ಲಾಡಳಿತವು ಅವನನ್ನು ಸನ್ಮಾನಿಸಿತು. ಮುಂದೆ ರಾಷ್ಟ್ರಮಟ್ಟದ ಶೌರ್ಯಪ್ರಶಸ್ತಿಯೂ ದೊರೆಯಿತು. ನಮಗೂ ಆ ಹುಡುಗನ ವಿಷಯದಲ್ಲಿ ಅಭಿಮಾನವಿದೆ. ಆದರೆ ಸೇತುವೆಯು ಕೆಲವು ಅಡಿಗಳಷ್ಟು ಎತ್ತರವಾಗಿದ್ದಿದ್ದರೆ ಆ ದಿನ ಯಾರೂ ಶೂರರಾಗಬೇಕಾದ ಆವಶ್ಯಕತೆಯೇ ಬೀಳುತ್ತಿರಲಿಲ್ಲವೆಂಬ ಮಾತನ್ನು ಸನ್ಮಾನದ ಸಭೆಯಲ್ಲಿ ಯಾರಾದರೂ ಎತ್ತಬೇಕಾಗಿತ್ತು.

ಶೌರ್ಯವು ಎಲ್ಲ ಸಲವೂ ಗೆಲ್ಲುವುದಿಲ್ಲ. 2020ರ ಆಗಸ್ಟ್ 17ರಂದು ಕುರ್ವಕಲಾದವರು ಹದಿಮೂರು ಮಂದಿ, ಎದುರು ದಡದ ತೆಲಂಗಾಣದ ಪಂಚದೇವಪಹಾಡಿನಿಂದ ಸಂತೆಯ ಸಾಮಾನುಗಳನ್ನು ಕೊಂಡು ಹರಿಗೋಲಿನಲ್ಲಿ ಊರಿಗೆ ಮರಳುತ್ತಿದ್ದರು. ಹರಿಗೋಲು ಮಗುಚಿತು, ನಾಲ್ವರು ನೀರುಪಾಲಾದರು. ತುಂಬಿದ ಹೊಳೆ, ಹೆಚ್ಚಿದ ಭಾರ, ಮೈಮೇಲೆ ತೇಲುವ ಸಾಧನವೊಂದೂ ಇಲ್ಲ. ಈ ದ್ವೀಪಗಳಿಗೆ ಸೇತುವೆಯಾಗಬೇಕೆಂಬ ಮಾತು 2009ರ ಮಹಾಪ್ರವಾಹದ ಕಾಲದಿಂದಲೂ ಇತ್ತು. ಆ ದುರ್ದಿನದವರೆಗೂ ಸೇತುವೆಯು ಮುಗಿದಿರಲಿಲ್ಲ. ಮನೆಗೆ ಬೇಕಾದ ಉಪ್ಪು ಎಣ್ಣೆಗಳಿಗಾಗಿ ಕರ್ಣಾಟಕದ ಪ್ರಜೆಯು ನೆರೆರಾಜ್ಯದ ದಡಕ್ಕೆ ಹರಿಗೋಲು ಹಾಕಬೇಕಾದ ಸ್ಥಿತಿಯನ್ನು, ಏಕೀಕರಣದ ಉತ್ಸವವನ್ನು ಪ್ರತಿ ನವೆಂಬರಿನಲ್ಲಿಯೂ ಧ್ವಜವೇರಿಸಿ ಆಚರಿಸುವ ನಾವು ಸ್ವಲ್ಪ ಯೋಚಿಸಬೇಕು. 1948ರಲ್ಲಿ ನಿಜಾಮನ ಆಳಿಕೆಯಿಂದ ಬಿಡುಗಡೆಯಾಗಿ, 1956ರಲ್ಲಿ ನಮ್ಮೊಡನೆ ಸೇರಿದ ಸೀಮೆ ಅದು. ಅದೇ ರಾಯಚೂರಿನ ದೇವಸೂಗೂರಿನಲ್ಲಿ ನಿಜಾಮ ಸರ್ಕಾರದವರು ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆ ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ದಶಕಗಳ ಕಾಲ ನಮ್ಮ ಲಾರಿಗಳು ಓಡಿದುವೆಂಬುದನ್ನು ಇಲ್ಲಿ ಜ್ಞಾಪಿಸುವುದು ಅಪ್ರಸ್ತುತವಾಗಲಾರದು.

ಇಷ್ಟರವರೆಗೆ ಹೇಳಿದುದಕ್ಕೆ ಒಂದು ಸಮಾಧಾನವು ಸಿದ್ಧವಾಗಿಯೇ ಇರುತ್ತದೆ: ಪ್ರವಾಹವು ದೈವಾಧೀನ, ಹೊಳೆಯ ನಡುವೆ ಮನೆ ಮಾಡಿದವರು ಹೊಳೆಯ ಕಷ್ಟವನ್ನು ಅನುಭವಿಸಲೇಬೇಕು. ಅರ್ಧ ಶತಮಾನದ ಹಿಂದೆ ಈ ಮಾತಿಗೆ ಏನಾದರೂ ಬೆಲೆಯಿದ್ದಿರಬಹುದು. ಇಂದು ಇಲ್ಲ. 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯು ಬೆಳೆದು, ಆಲಮಟ್ಟಿ, ನಾರಾಯಣಪುರಗಳೆಂಬ ಎರಡು ಜಲಾಶಯಗಳಾದ ಮೇಲೆ, ಈ ಗಡ್ಡಿಗಳ ಸುತ್ತಣ ನೀರು ಏರುವುದೂ ಇಳಿಯುವುದೂ ಬಹುಮಟ್ಟಿಗೆ ಗೇಟುಗಳ ಮೇಲೆ ಹೋಗಿದೆ. ಸಹ್ಯಾದ್ರಿಯಲ್ಲಿ ಮಳೆ ಹೊಡೆದು, ಮಹಾರಾಷ್ಟ್ರದ ಜಲಾಶಯಗಳು ತುಂಬಿ, ಆಲಮಟ್ಟಿಗೆ ಒಳಹರಿವು ಹೆಚ್ಚಿ, ಅಲ್ಲಿಂದ ನಾರಾಯಣಪುರಕ್ಕೆ ಬಂದು, ಆ ಮೇಲೆ ಗಡ್ಡಿಯನ್ನು ಸುತ್ತುವರಿಯಬೇಕು. ಹಂತ ಹಂತದಲ್ಲಿಯೂ ಅಳತೆಯಿದೆ, ಅಳೆಯುವ ಇಂಜನಿಯರಿದ್ದಾನೆ, ಇಷ್ಟು ಕ್ಯೂಸೆಕ್ ಬಿಡತಕ್ಕುದೆಂಬ ಆಜ್ಞೆಯಿದೆ. ಅಣೆಕಟ್ಟಿಲ್ಲದ ಕಾಲದಲ್ಲಿಯೂ ಕೃಷ್ಣೆಯು ಉಕ್ಕುತ್ತಿದ್ದಳೆಂಬುದು ನಿಜ. ಜಲಾಶಯವು ಕೆಲವು ಸಲ ನೀರನ್ನು ತಡೆದು ಹಿಡಿದು ಉಪಕಾರವನ್ನೂ ಮಾಡಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಗ ಹಳ್ಳಿಯ ಹಿರಿಯನು ನೀರಿನ ಬಣ್ಣವನ್ನೂ ತೇಲಿಬರುವ ಕಸವನ್ನೂ ನೋಡಿ ಹೊಳೆಯ ಮನಸ್ಸನ್ನು ಅರಿಯುತ್ತಿದ್ದನು. ಈಗ ಅವನು ಅರಿಯಬೇಕಾದುದು ಹೊಳೆಯ ಮನಸ್ಸನ್ನಲ್ಲ, ಅಣೆಕಟ್ಟಿನ ಅಧಿಕಾರಿಯ ಕಾಗದವನ್ನು. ಆ ಕಾಗದವು ಗಡ್ಡಿಯನ್ನು ಮುಟ್ಟುವಷ್ಟರಲ್ಲಿ ಎಷ್ಟೋ ಸಲ ನೀರೇ ಮುಟ್ಟಿರುತ್ತದೆ. "ನದೀತೀರದ ಜನರು ಎಚ್ಚರಿಕೆಯಿಂದಿರತಕ್ಕದ್ದು" ಎಂಬ ಡಂಗುರವು ತೀರದವರಿಗೆ ಸಾಕಾದೀತು. ನದಿಯ ನಡುವಿನಲ್ಲಿರುವವರು ಎಚ್ಚರಿಕೆಯಿಂದಿದ್ದು ಎಲ್ಲಿಗೆ ಹೋಗಬೇಕು?

ಸೇತುವೆಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆ ಸೀಮೆಯಲ್ಲಿ ಶೀಲಹಳ್ಳಿಯ ಸೇತುವೆಯಿದೆ, ಹೂವಿನಹೆಡಗಿಯ ಸೇತುವೆಯಿದೆ. ಆದರೆ 2019ರಲ್ಲಿ ನಾರಾಯಣಪುರದಿಂದ ಆರು ಲಕ್ಷ ಕ್ಯೂಸೆಕ್ಕಿನ ಆಸುಪಾಸಿಗೆ ನೀರು ಬಿಟ್ಟಾಗ ಈ ಎರಡೂ ಸೇತುವೆಗಳು ಮುಳುಗಿದುವು. ಶೀಲಹಳ್ಳಿಯದು ಮುಳುಗಿತೆಂದರೆ ಜಲದುರ್ಗದ ಕಡೆಯ ಹಳ್ಳಿಗಳು ಲಿಂಗಸುಗೂರಿಗೆ ಬರಬೇಕಾದರೆ ಸುತ್ತಿ ಬಳಸಿ ಬರಬೇಕು. ಇಂಥ ಸುದ್ದಿಯು ಮಳೆಗಾಲದ ಪಂಚಾಂಗದಂತೆ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬಂದಿದೆ. ನೀರಿಲ್ಲದಾಗ ನಿಂತು, ನೀರು ಬಂದಾಗ ಮುಳುಗುವ ಸೇತುವೆಗೆ ಇಂಜನಿಯರಿಂಗ್ ಶಾಸ್ತ್ರದಲ್ಲಿ ಮುಳುಗು ಸೇತುವೆಯೆಂದು ಹೆಸರಿದೆಯಂತೆ. ಕಡಿಮೆ ಖರ್ಚಿನ ಹಳ್ಳಕೊಳ್ಳಗಳಿಗೆ ಅದು ಯುಕ್ತವಾಗಿರಬಹುದು. ಮೇಲಿನಿಂದ ಎಷ್ಟು ನೀರು ಬಿಡುತ್ತೇವೆಂಬುದು ತಮಗೇ ಗೊತ್ತಿರುವ ಹೊಳೆಗೆ, ಅದಕ್ಕಿಂತ ತಗ್ಗಾದ ಸೇತುವೆಯನ್ನು ಕಟ್ಟುವುದು ಮಿತವ್ಯಯವೆಂದು ನಮಗೆ ತೋರುವುದಿಲ್ಲ.

ಅಧಿಕಾರಿವರ್ಗದಲ್ಲಿ ಇನ್ನೊಂದು ವಾದವೂ ಉಂಟು. ಕೆಲವು ಗಡ್ಡಿಗಳಲ್ಲಿ ಬೆರಳೆಣಿಕೆಯ ಕುಟುಂಬಗಳಿವೆ. ಅಷ್ಟಕ್ಕಾಗಿ ಕೋಟಿಗಟ್ಟಲೆ ವೆಚ್ಚಮಾಡುವುದಕ್ಕಿಂತ ಅವರನ್ನು ದಡಕ್ಕೆ ತಂದು ನೆಲೆಗೊಳಿಸುವುದು ಮೇಲಲ್ಲವೆ? ಈ ಮಾತನ್ನು ನಾವು ಸುಮ್ಮನೆ ತಳ್ಳಿಹಾಕುವವರಲ್ಲ. ನಾಲ್ಕಾರು ಮನೆಗಳ ಕರಕಲಗಡ್ಡಿಯಂಥ ಕಡೆಗಳಲ್ಲಿ, ದಡದಲ್ಲಿ ಮನೆಯನ್ನೂ ಜೊತೆಗೆ ಜಮೀನನ್ನೂ ಕೊಟ್ಟು, ಜನರು ಒಪ್ಪಿದರೆ ಹಾಗೆಯೇ ಮಾಡುವುದು ವಿವೇಕವಾದೀತು. ಆದರೆ ಮನೆಯೊಂದನ್ನೇ ಕೊಟ್ಟು ಜಮೀನಿನ ಮಾತನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಬಹಳ ದೂರ ಹೋಗಿ ನೋಡಬೇಕಾಗಿಲ್ಲ. 2009ರ ಪ್ರವಾಹದ ತರುವಾಯ ಆಸರೆ ಯೋಜನೆಯಲ್ಲಿ ಕಟ್ಟಿದ ನವಗ್ರಾಮಗಳಲ್ಲಿ ಎಷ್ಟೋ ಮನೆಗಳು ಒಕ್ಕಲಿಲ್ಲದೆ ಜಾಲಿಮುಳ್ಳು ಬೆಳೆದು ನಿಂತುವು. ಹೊಲ ಒಂದು ಕಡೆ, ಮನೆ ಒಂದು ಕಡೆ, ದನದ ಕೊಟ್ಟಿಗೆಗೆ ಜಾಗವಿಲ್ಲದ ನಿವೇಶನ. ರೈತನು ಅಲ್ಲಿ ಯಾವ ಸುಖಕ್ಕೆ ನಿಂತಾನು? ಗಡ್ಡಿಯ ನೆಲವು ಹೊಳೆಯ ಮೆಕ್ಕಲು ಬಿದ್ದ ಒಳ್ಳೆಯ ನೆಲ. ಅದನ್ನು ಬಿಟ್ಟು ಬಾ ಎಂದರೆ ಅವನು ಬಿಟ್ಟು ಹೋಗುವುದು ಬೇರೊಂದು ಊರಿಗಲ್ಲ, ಬೆಂಗಳೂರಿಗೆ.

ರಾಯಚೂರು, ಯಾದಗಿರಿ ಜಿಲ್ಲೆಗಳಿಂದ ಗುಳೆ ಬಂದವರನ್ನು ನೋಡಬೇಕೆನ್ನುವವರು ದೂರ ಪ್ರಯಾಣ ಮಾಡಬೇಕಾಗಿಲ್ಲ. ಕೆಂಗೇರಿಯ ಆಚೆ ಏಳುತ್ತಿರುವ ಬಹುಮಹಡಿ ಕಟ್ಟಡಗಳ ಬುಡದಲ್ಲಿ, ತಗಡಿನ ಗುಡಿಸಲುಗಳ ಸಾಲಿನಲ್ಲಿ ಆ ಸೀಮೆಯ ಕನ್ನಡವು ಕೇಳಿಬರುತ್ತದೆ. ನಮ್ಮ ಗೋಡೆಗಳಿಗೆ ಗಾರೆ ಮೆತ್ತುವವರು, ನಮ್ಮ ರಸ್ತೆಗಳಿಗೆ ಜಲ್ಲಿ ಹೊರುವವರು ಅವರಲ್ಲಿ ಬಹಳ ಮಂದಿ. ಪಟ್ಟಣಕ್ಕೆ ಅವರಿಂದ ಆಗಿರುವ ಉಪಕಾರವು ಅಷ್ಟಕ್ಕೇ ನಿಲ್ಲುವುದಿಲ್ಲ. ಇದೇ ಕೃಷ್ಣೆಯ ದಡದ ಶಕ್ತಿನಗರದಲ್ಲಿ, 1985ರಿಂದ ಒಂದೊಂದಾಗಿ ಎದ್ದ ಘಟಕಗಳು ಕೂಡಿ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಾಗಿದೆ. ಹೊಳೆಯ ನೀರಿನಿಂದಲೇ ಅದು ನಡೆಯುತ್ತದೆ. ಬೂದಿ ಅಲ್ಲಿ, ಬೆಳಕು ಇಲ್ಲಿ.

ಇದಕ್ಕೆ ಸರಿಸಮವಾದ ಇನ್ನೊಂದು ಉದಾಹರಣೆಯು ಮಲೆನಾಡಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯು ಹಿಂದಕ್ಕೆ ನಿಂತಾಗ, ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ತಮ್ಮ ತಾಲ್ಲೂಕು ಪಟ್ಟಣದಿಂದ ಕಡಿದುಹೋದುವು. ಹೊಳೆಯ ನಡುವೆ ಹೋಗಿ ಅವರು ಮನೆಮಾಡಿದವರಲ್ಲ. ನಾಡಿನ ದೀಪಕ್ಕಾಗಿ ನೀರನ್ನು ಅವರ ಸುತ್ತ ತಂದು ನಿಲ್ಲಿಸಿದವರು ನಾವು. ತುಮರಿಯ ಜನರು ಆರು ದಶಕಗಳ ಕಾಲ ಲಾಂಚಿನ ವೇಳೆಗೆ ತಮ್ಮ ಕಾಯಿಲೆಯನ್ನೂ ಮದುವೆಯನ್ನೂ ಸಾವನ್ನೂ ಹೊಂದಿಸಿಕೊಂಡು ಬಾಳಿದರು. ಸಂಜೆ ಲಾಂಚು ನಿಂತಿತೆಂದರೆ ಬೆಳಗಿನವರೆಗೆ ಸಾಗರದ ಆಸ್ಪತ್ರೆಯು ಬೇರೊಂದು ದೇಶದಲ್ಲಿದ್ದಂತೆ. ಕೊನೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿಗಳ ನಡುವಣ ಸಿಗಂದೂರು ಸೇತುವೆಯು ಸಂಚಾರಕ್ಕೆ ತೆರೆಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆಯಾದ ಉದ್ದ, ನಾನ್ನೂರು ಕೋಟಿಗೂ ಮಿಕ್ಕ ವೆಚ್ಚ. ಅದನ್ನು ತೆರೆದ ದಿನ ಯಾರು ತೆರೆಯಬೇಕು, ಯಾರನ್ನು ಹೇಗೆ ಕರೆಯಬೇಕೆಂಬುದರ ಮೇಲೆ ಕೇಂದ್ರ ಸರ್ಕಾರದವರಿಗೂ ರಾಜ್ಯ ಸರ್ಕಾರದವರಿಗೂ ನಡೆದ ಜಗಳವು ನಮಗೆ ಬೇಡ. ಮನಸ್ಸು ಮಾಡಿದರೆ ಎರಡೂವರೆ ಕಿಲೋಮೀಟರಿನ ನೀರಿನ ಮೇಲೂ ಸೇತುವೆಯಾಗುತ್ತದೆಂಬುದು ನಮಗೆ ಬೇಕಾದ ಮಾತು. ಕೃಷ್ಣೆಯ ಕವಲುಗಳು ಅಷ್ಟು ಅಗಲವೂ ಅಲ್ಲ, ಅಷ್ಟು ಆಳವೂ ಅಲ್ಲ.

ಹಣವಿಲ್ಲವೆಂಬ ಮಾತನ್ನಂತೂ ಕೇಳಲು ನಾವು ಸಿದ್ಧರಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವನ್ನು ಆರಂಭಿಸಿ, ದಿನಕ್ಕೆ 775 ದಶಲಕ್ಷ ಲೀಟರು ನೀರನ್ನು ತೊರೆಕಾಡನಹಳ್ಳಿಯಿಂದ ಎತ್ತರಕ್ಕೆ ಏರಿಸಿ ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗೆ ತರುವ ಶಕ್ತಿಯು ಈ ರಾಜ್ಯಕ್ಕಿದೆ. ಮೆಟ್ರೋ ರೈಲನ್ನು 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಒಯ್ದ ಸರ್ಕಾರ ಇದು. ಅವೆಲ್ಲ ಬೇಕಾದುವೇ, ಅವುಗಳ ಪ್ರಯೋಜನವನ್ನು ಪಡೆಯುತ್ತಿರುವ ನಾವು ಬೇಡವೆನ್ನಲಾರೆವು. ಇತ್ತ, ಡಾಕ್ಟರ್ ನಂಜುಂಡಪ್ಪನವರ ಸಮಿತಿಯು 2002ರಲ್ಲಿಯೇ ದೇವದುರ್ಗ, ಲಿಂಗಸುಗೂರು, ಸುರಪುರ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಸೇರಿಸಿ, ದೇವದುರ್ಗವನ್ನು ಎಲ್ಲಕ್ಕಿಂತ ಕೆಳಗೆ ಬರೆದಿಟ್ಟಿತು. ಹತ್ತು ವರ್ಷಗಳ ತರುವಾಯ ಸಂವಿಧಾನಕ್ಕೇ ತಿದ್ದುಪಡಿ ತಂದು 371ಜೆ ವಿಧಿಯನ್ನು ಸೇರಿಸಿದುದಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಸಾಲಿಗೆ 5000 ಕೋಟಿ ರೂಪಾಯಿಗಳ ಹಂಚಿಕೆಯನ್ನು ಸಾರಿದುದೂ ಆಯಿತು. ಇಷ್ಟಾದ ಮೇಲೂ ಗಡ್ಡಿಯ ಸೇತುವೆಯನ್ನು ಬಡವರ ಮೇಲಿನ ದಯೆಯೆಂಬಂತೆ, ಚುನಾವಣೆಯ ಕಾಲಕ್ಕೊಮ್ಮೆ ಶಂಕುಸ್ಥಾಪನೆಯ ಕಲ್ಲಾಗಿ ನೆಡುವುದು ಸಲ್ಲದು.

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹೊಲಕ್ಕೆ ಪರಿಹಾರವುಂಟು. ಅದು ಸಾಲದೆಂಬ ವಾದವಿದ್ದರೂ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಪುಟವಿದೆ. ಅಣೆಕಟ್ಟಿನ ಕೆಳಗೆ, ಬಿಟ್ಟ ನೀರಿನಿಂದ ದಾರಿಯನ್ನು ಕಳೆದುಕೊಂಡ ಹಳ್ಳಿಗೆ ಆ ಪುಸ್ತಕದಲ್ಲಿ ಪುಟವೇ ಇಲ್ಲ. ಕೃಷ್ಣೆಯ ನೀರನ್ನು ಹಂಚಲು ಬಚಾವತರ ನ್ಯಾಯಮಂಡಳಿಯು 1973ರಲ್ಲಿಯೂ ಬ್ರಿಜೇಶ್ ಕುಮಾರರ ನ್ಯಾಯಮಂಡಳಿಯು 2010ರಲ್ಲಿಯೂ ತೀರ್ಪು ಕೊಟ್ಟುವು. ಒಂದೊಂದು ಟಿಎಂಸಿಗಾಗಿ ದಿಲ್ಲಿಯಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ನೀರನ್ನು ಇಷ್ಟು ನುಣ್ಣಗೆ ಅಳೆಯಬಲ್ಲವರು ಅದರ ನಡುವೆ ಇರುವ ಜನರನ್ನು ಲೆಕ್ಕಕ್ಕೆ ಹಿಡಿಯಬೇಕು. ಗಡ್ಡಿಗಳ ಸೇತುವೆಗಳ ವೆಚ್ಚವನ್ನು ಯಾವುದೋ ಶಾಸಕರ ನಿಧಿಯಿಂದಲೋ ಗ್ರಾಮೀಣ ರಸ್ತೆಗಳ ಚಿಲ್ಲರೆ ಬಾಬಿನಿಂದಲೋ ಕೂಡಿಸಿ ತರುವುದನ್ನು ಬಿಟ್ಟು, ಕೃಷ್ಣಾ ಮೇಲ್ದಂಡೆ ಯೋಜನೆಯ ವೆಚ್ಚದಲ್ಲಿಯೇ, ಕಾಲುವೆಗಳ ಜೊತೆಗೆ, ನ್ಯಾಯವಾದ ಒಂದು ಅಂಶವಾಗಿ ಸೇರಿಸತಕ್ಕದ್ದು. ಹೊಸದಾಗಿ ಕಟ್ಟುವುದಿರಲಿ, ಇದ್ದುದನ್ನು ಎತ್ತರಿಸುವುದಿರಲಿ, 2009 ಮತ್ತು 2019ರ ನೀರು ಎಲ್ಲಿಯವರೆಗೆ ಬಂದಿತ್ತೋ ಅದಕ್ಕಿಂತ ಮೇಲೆ ಸೇತುವೆಯ ಹಾಸು ಬರಬೇಕು. ಅದಕ್ಕೆ ಕಡಿಮೆಯಾದ ಅಂದಾಜಿಗೆ ಯಾವ ಇಂಜನಿಯರನೂ ರುಜು ಹಾಕಬಾರದು.

ಸೇತುವೆಯು ಆಗುವವರೆಗೆ ವರ್ಷಗಳು ಹಿಡಿದಾವು. ಮಳೆಗಾಲವು ಕಾಯುವುದಿಲ್ಲ. ಆದ್ದರಿಂದ ಜನವಸತಿಯುಳ್ಳ ಪ್ರತಿಯೊಂದು ಗಡ್ಡಿಗೂ ಸರ್ಕಾರದ ಖರ್ಚಿನಲ್ಲಿ ಯಂತ್ರದ ದೋಣಿಯೊಂದನ್ನೂ, ಸಂಬಳ ಕೊಟ್ಟು ಅಂಬಿಗನೊಬ್ಬನನ್ನೂ ಇಡಬೇಕು. ಅಂಬಿಗನು ಆ ಊರಿನವನೇ ಆಗಿರಲಿ. ಸುಳಿ ಎಲ್ಲಿದೆ, ಬಂಡೆ ಎಲ್ಲಿದೆಯೆಂಬುದು ಜಿಲ್ಲಾ ಕಚೇರಿಯಿಂದ ನೇಮಕವಾಗಿ ಬಂದವನಿಗೆ ತಿಳಿಯದು. ಲೈಫ್ ಜಾಕೆಟ್ ತೊಡದೆ ಯಾರೂ ದೋಣಿ ಹತ್ತಬಾರದೆಂಬ ಕಟ್ಟಳೆಯನ್ನು ಮಾಡುವ ಮುನ್ನ ಸಾಕಷ್ಟು ಜಾಕೆಟುಗಳನ್ನು ಅಲ್ಲಿಗೆ ತಲುಪಿಸಲಿ. ಜೂನ್ ತಿಂಗಳು ಮುಗಿಯುವುದರೊಳಗೆ ಮೂರು ತಿಂಗಳ ಪಡಿತರವನ್ನು ಗಡ್ಡಿಯೊಳಗೇ ಕೂಡಿಡಲಿ. ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಗರ್ಭಿಣಿಯರ ಹೆಸರೂ ತಿಂಗಳೂ ಇದ್ದೇ ಇರುತ್ತವೆ. ಮಳೆಗಾಲದಲ್ಲಿ ದಿನ ತುಂಬುವವರನ್ನು ಮುಂಚಿತವಾಗಿಯೇ ದಡಕ್ಕೆ ಕರೆತಂದು, ಜೊತೆಗೊಬ್ಬ ತಾಯಿಗೋ ಅತ್ತೆಗೋ ಇರಲು ಸ್ಥಳ ಕೊಟ್ಟು, ಊಟದ ವ್ಯವಸ್ಥೆ ಮಾಡಿದರೆ ಸೋರೆಬುರುಡೆಯ ಪ್ರಸಂಗವು ಮತ್ತೆ ಬಾರದು. ಇದಕ್ಕೆ ಬೇಕಾದ ಹಣವು ಒಂದು ಶಂಕುಸ್ಥಾಪನೆಯ ಶಾಮಿಯಾನದ ಖರ್ಚಿಗಿಂತ ಹೆಚ್ಚೇನೂ ಆಗಲಾರದು.

ಗೇಟು ತೆರೆಯುವ ಸೂಚನೆಯ ವಿಷಯವೊಂದು ಉಳಿಯಿತು. ನಾರಾಯಣಪುರದಿಂದ ಬಿಟ್ಟ ನೀರು ಯಾವ ಗಡ್ಡಿಯನ್ನು ಎಷ್ಟು ಗಂಟೆಗೆ ಮುಟ್ಟುವುದೆಂಬುದನ್ನು ಪ್ರತಿ ಗಡ್ಡಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಆ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಊರ ಗುಡಿಯ ಗೋಡೆಗೂ ಶಾಲೆಯ ಗೋಡೆಗೂ ಅಂಟಿಸುವುದು ಕಷ್ಟದ ಕೆಲಸವಲ್ಲ. ಗೇಟು ತೆರೆಯುವ ಆಜ್ಞೆಗೆ ರುಜುವಾಗುವ ಮುನ್ನ ಪ್ರತಿ ಗಡ್ಡಿಯ ಒಬ್ಬರೊಡನೆ ದೂರವಾಣಿಯಲ್ಲಿ ಮಾತನಾಡಿ, ಮಾತನಾಡಿದ ವೇಳೆಯನ್ನೂ ಉತ್ತರವನ್ನೂ ಆ ಆಜ್ಞೆಯ ಕಾಗದದಲ್ಲಿಯೇ ಬರೆಯುವ ನಿಯಮವನ್ನು ಅಣೆಕಟ್ಟಿನ ಅಧಿಕಾರಿಗಳು ಈ ಮಳೆಗಾಲದಿಂದಲೇ ಜಾರಿಗೆ ತರಲಿ. ಅದಕ್ಕೆ ಆಯವ್ಯಯ ಪತ್ರವೂ ಬೇಕಾಗಿಲ್ಲ, ಸಚಿವ ಸಂಪುಟದ ಒಪ್ಪಿಗೆಯೂ ಬೇಕಾಗಿಲ್ಲ.